ಎರಡೇ ರೊಟ್ಟಿ ತಿಂದು ಮಲಗಿದರೂ ಮುಂಜಾನೆ ಶುಗರ್ ಯಾಕೆ ಜಾಸ್ತಿ?

“ಅಣ್ಣಾರ, ರಾತ್ರಿ ಎರಡೇ ರೊಟ್ಟಿ ತಿಂದೀನ್ರಿ, ಅನ್ನ ಮುಟ್ಟಿಲ್ಲ. ಮುಂಜಾನೆ 190 ಹೆಂಗ್ ಬಂತ್ರಿ?” ಕಲಬುರಗಿಯ ಅಪ್ಪನ ಕೆರೆ ಹತ್ತಿರ ವಾಕಿಂಗ್ ಹೋದಾಗ ಎಷ್ಟು ಜನ ಇದನ್ನು ಕೇಳಿದ್ದಾರೋ ಲೆಕ್ಕವಿಲ್ಲ. ನಾನು ಡಾಕ್ಟರ್ ಅಲ್ಲ. ಹನ್ನೊಂದು ವರ್ಷದಿಂದ ಶುಗರ್ ಇದೆ, ರಾತ್ರಿ ಇನ್ಸುಲಿನ್ ತಗೋತೀನಿ, ಅಷ್ಟೇ. ಅವರಿಗೆ ನಾನು ತಿರುಗಿ ಕೇಳುವುದು ಒಂದೇ: ರಾತ್ರಿ ಮೂರಕ್ಕೆ ಎಷ್ಟಿತ್ತು?

ಯಾರೂ ನೋಡಿರುವುದಿಲ್ಲ. ಮುಂಜಾನೆ ಒಂದು ನಂಬರ್ ನೋಡಿ ಗಾಬರಿಯಾಗಿ, ಮರುದಿನದಿಂದ ರಾತ್ರಿ ಊಟ ಬಿಡುತ್ತಾರೆ, ಇಲ್ಲವೇ ತಾವೇ ಎರಡು ಯೂನಿಟ್ ಇನ್ಸುಲಿನ್ ಜಾಸ್ತಿ ಹಾಕಿಕೊಳ್ಳುತ್ತಾರೆ. ನನಗೆ ಹೆದರಿಕೆ ಆಗುವುದು ಇದಕ್ಕೇ.

ನಾವು ತಿನ್ನದಿದ್ದರೂ ಲಿವರ್ ಸುಮ್ನೆ ಕೂರುವುದಿಲ್ಲ. ಕೂಡಿಟ್ಟ ಸಕ್ಕರೆಯನ್ನು ರಾತ್ರಿಯಿಡೀ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಬಿಡುತ್ತಿರುತ್ತದೆ, ಮಲಗಿದಾಗಲೂ ಮಿದುಳಿಗೆ ಅದು ಬೇಕಲ್ವಾ. ಬೆಳಗಿನ ಜಾವ ಕಾರ್ಟಿಸಾಲ್‌ನಂಥ ಹಾರ್ಮೋನುಗಳು ಏರಿದಾಗ ಇನ್ನಷ್ಟು ಬಿಡುತ್ತದೆ. ಶುಗರ್ ಇಲ್ಲದವರ ಮೈ ಅದಕ್ಕೆ ತಕ್ಕಷ್ಟು ಇನ್ಸುಲಿನ್ ಬಿಟ್ಟು ಸರಿ ಮಾಡಿಕೊಳ್ಳುತ್ತದೆ, ನಮ್ಮ ಮೈಗೆ ಅದು ಆಗುವುದಿಲ್ಲ. ಡಾಕ್ಟರುಗಳು ಇದನ್ನು ಡಾನ್ ಫಿನಾಮಿನನ್ ಅನ್ನುತ್ತಾರೆ. ಹಾಗಾಗಿ 190 ಬಂದರೆ ಅದು ಆ ಎರಡು ರೊಟ್ಟಿಯ ತಪ್ಪೇ ಇರಬೇಕು ಅಂತೇನಿಲ್ಲ. (ಜೋಳದ ರೊಟ್ಟಿ ತಿಂದರೆ ಶುಗರ್ ಏರುವುದೇ ಇಲ್ಲ ಅನ್ನುವುದೂ ನಿಜ ಅಲ್ಲ. ನಾಲ್ಕು ರೊಟ್ಟಿ ತಿಂದು ಮೇಲೆ ಅನ್ನ ಸಾರು ಉಂಡರೆ ಏರಿಯೇ ಏರುತ್ತದೆ.)

ಇದರ ಉಲ್ಟಾ ಕೂಡ ಆಗುತ್ತದೆ. ಎರಡು ವರ್ಷದ ಹಿಂದೆ ಊರಲ್ಲಿ ತೊಗರಿ ರಾಶಿ ಇತ್ತು. ಇಡೀ ದಿನ ಹೊಲದಲ್ಲಿ ದುಡಿದು, ಸುಸ್ತಾಗಿ ಅರ್ಧ ರೊಟ್ಟಿ ತಿಂದು, ಇನ್ಸುಲಿನ್ ಮಾತ್ರ ಪೂರ್ತಿ ತಗೊಂಡು ಮಲಗಿದೆ. ಎರಡೂವರೆಗೆ ಎಚ್ಚರವಾಯಿತು. ಬನಿಯನ್ ತೊಯ್ದು ತೊಪ್ಪೆ, ಎದೆ ಢವಢವ. ಅಡುಗೆಮನೆವರೆಗೂ ಗೋಡೆ ಹಿಡಿದು ಹೋದೆ, ಸಕ್ಕರೆ ಡಬ್ಬಿಯ ಮುಚ್ಚಳ ತೆಗೆಯಲು ಬೆರಳು ಕೇಳಲಿಲ್ಲ. ಆ ಸದ್ದಿಗೆ ಹೆಂಡತಿ ಎದ್ದು ಬಂದು ನೀರಲ್ಲಿ ನಾಲ್ಕು ಚಮಚ ಸಕ್ಕರೆ ಕಲಸಿ ಕುಡಿಸಿದಳು. ಮೀಟರ್‌ನಲ್ಲಿ 52 ಇತ್ತು. ಮೈಮುರಿದು ದುಡಿದ ದಿನ ಸ್ನಾಯುಗಳು ರಾತ್ರಿಯೂ ಸಕ್ಕರೆ ಎಳೆದುಕೊಳ್ಳುತ್ತಲೇ ಇರುತ್ತವೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

70ಕ್ಕಿಂತ ಕಡಿಮೆ ಅಂದರೆ ಲೋ ಶುಗರ್. ಮೂರ್ನಾಲ್ಕು ಟೀ ಚಮಚ ಸಕ್ಕರೆ ನೀರಲ್ಲಿ ಹಾಕಿ ಕುಡಿಯಿರಿ, 15 ನಿಮಿಷ ಬಿಟ್ಟು ಮತ್ತೆ ನೋಡಿ, ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. ಪೇಡೆ, ಶೇಂಗಾ ಉಂಡಿ ಆ ಹೊತ್ತಿಗೆ ಬೇಡ, ಜಿಡ್ಡು ಇರುವುದರಿಂದ ಸಕ್ಕರೆ ನಿಧಾನಕ್ಕೆ ಏರುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, ಉಸಿರುನಾಳಕ್ಕೆ ಹೋಗುತ್ತದೆ. ತಕ್ಷಣ 108ಕ್ಕೆ ಫೋನ್ ಮಾಡಿ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ಥರದ ಗುಳಿಗೆ ತಗೊಳ್ಳುವವರಿಗೆ ಈ ಭಯ ಜಾಸ್ತಿ. ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಅಪರೂಪ.

ರಾತ್ರಿ ಲೋ ಆದರೆ ಮುಂಜಾನೆ ತಾನೇ ಪುಟಿದು ಏರುತ್ತದೆ ಅಂತ 1930ರ ದಶಕದಲ್ಲಿ ಮೈಕೆಲ್ ಸೊಮೋಜಿ ಅನ್ನುವ ವಿಜ್ಞಾನಿ ಹೇಳಿದ್ದರು. ರಾತ್ರಿಯಿಡೀ ಶುಗರ್ ನೋಡುತ್ತಿರುವ, ಮೈಗೆ ಅಂಟಿಸುವ ಸೆನ್ಸರ್ ಬಂದ ಮೇಲೆ ಅದು ಅಷ್ಟು ಸಾಮಾನ್ಯ ಅಲ್ಲ ಅಂತ ಕಂಡಿದೆ. ಆದರೂ ಊಹೆ ಮಾಡುವ ಬದಲು ನೋಡಿಬಿಡುವುದು ಒಳ್ಳೆಯದು.

ಮೂರು ದಿನ ಅಲಾರಂ ಇಟ್ಟುಕೊಳ್ಳಿ. ಮಲಗುವಾಗ, ರಾತ್ರಿ ಮೂರಕ್ಕೆ, ಎದ್ದ ಕೂಡಲೇ ನೋಡಿ ಬರೆದಿಡಿ. ಮೂರಕ್ಕೆ ಸರಿಯಿದ್ದು ಮುಂಜಾನೆ ಏರಿದ್ದರೆ ಅದು ಬೆಳಗಿನ ಜಾವದ ಏರಿಕೆ. ಮಲಗುವಾಗಲೇ ಜಾಸ್ತಿಯಿದ್ದು ಹಾಗೇ ಉಳಿದಿದ್ದರೆ ಊಟದ ಕಡೆ, ಔಷಧಿ ಕಡೆ ನೋಡಬೇಕು. ಮೂರಕ್ಕೆ 70ರ ಕೆಳಗಿದ್ದರೆ ಡಾಕ್ಟರಿಗೆ ಅವತ್ತೇ ಹೇಳಿ, ಮುಂಜಾನೆಯ ನಂಬರ್ ಎಷ್ಟೇ ಇರಲಿ ಡೋಸ್ ಏರಿಸಬೇಡಿ.

ಎರಡು ರೊಟ್ಟಿಯ ಅಣ್ಣಾವರೂ ಹೀಗೇ ಬರೆದಿಟ್ಟರು. ಮಲಗುವಾಗ 140, ಮೂರಕ್ಕೆ 135, ಮುಂಜಾನೆ 188. ಆ ಚೀಟಿ ನೋಡಿ ಅವರ ಡಾಕ್ಟರ್ ರಾತ್ರಿಯ ಔಷಧಿ ಬದಲಿಸಿದರು. ರೊಟ್ಟಿ ಎರಡೇ ಇರಲಿ ಅಂದರು.