ಟಿಕೆಟ್‌ಗಿಂತ ಮೊದಲು ಚೇತರಿಕೆ

ಮಾಟುಂಗಾ, ಮುಂಬಯಿ
12 ಜೂನ್ 2024, ಬುಧವಾರ

ಹೆರಿಗೆಗಳ ನಂತರ ಜೋಲುಬಿದ್ದ ಹೊಟ್ಟೆಯ ಚರ್ಮವನ್ನು ಶಸ್ತ್ರಚಿಕಿತ್ಸೆಯಿಂದ ಸರಿಪಡಿಸಿಕೊಳ್ಳಲು ತಂಗಿ ಬ್ಯಾಂಕಾಕಿಗೆ ಹೋಗುವುದು ನಿಶ್ಚಯವಾಗಿದೆ. ಜೊತೆಗೆ ಹೋಗುವವಳು ನಾನು. ವೈದ್ಯರ ಅರ್ಹತೆ, ಖರ್ಚು ಎಲ್ಲವನ್ನೂ ಅವಳು ವಿಚಾರಿಸಿಟ್ಟಿದ್ದಾಳೆ. ಇಂದು ಡೊಂಬಿವಲಿಯ ಅವಳ ಮನೆಯಲ್ಲಿ ಕುಳಿತು ನಾವು ಮಾತಾಡಿದ್ದು ಆನಂತರದ ದಿನಗಳ ಬಗ್ಗೆ ಮಾತ್ರ.

ರಜೆಯ ಅಭಾವದಿಂದ ಅವಳ ಯಜಮಾನರು ಒಂದೇ ವಾರದಲ್ಲಿ ಮರಳುವ ಟಿಕೆಟ್ ತೆಗೆಸಲು ಹೊರಟಿದ್ದರು. ನಾನು ಒಪ್ಪಲಿಲ್ಲ. ಹೊಟ್ಟೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಕನಿಷ್ಠ 10 ದಿನ ವಿಮಾನ ಹತ್ತಬಾರದೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಸಲಹೆ ನೀಡುತ್ತದೆ. ಶಸ್ತ್ರಚಿಕಿತ್ಸೆಯಿಂದಲೇ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚಿರುವಾಗ, ಅದರ ಮೇಲೆ ನಾಲ್ಕು ಗಂಟೆಗೂ ಮೀರಿ ಇಕ್ಕಟ್ಟಿನ ಆಸನದಲ್ಲಿ ಕುಳಿತರೆ ಅಪಾಯ ಬೆಳೆಯುತ್ತದೆ. ಆ ಹೆಪ್ಪು ಶ್ವಾಸಕೋಶಕ್ಕೆ ಸೇರಿದರೆ ಪ್ರಾಣಕ್ಕೇ ಸಂಚಕಾರ. ಕೊನೆಗೆ ಎರಡು ವಾರ ಉಳಿಯುವುದೆಂದೂ, ದಿನಾಂಕ ಬದಲಿಸಬಹುದಾದ ಟಿಕೆಟನ್ನೇ ಕೊಳ್ಳುವುದೆಂದೂ ತೀರ್ಮಾನವಾಯಿತು.

ಅಲ್ಲಿ ನನ್ನ ಕೆಲಸವೇನೆಂಬುದು ಈಗ ಸ್ಪಷ್ಟವಾಗಿದೆ. ಗಾಯದೊಳಗೆ ಸೇರುವ ದ್ರವವನ್ನು ಹೊರತೆಗೆಯಲು ಇಡುವ ಕೊಳವೆಯ ತುದಿಯಲ್ಲಿ ಒಂದು ಪುಟ್ಟ ರಬ್ಬರ್ ಬುರುಡೆಯಿರುತ್ತದೆ. ಅದನ್ನು ಖಾಲಿ ಮಾಡುವಾಗಲೆಲ್ಲ ದ್ರವದ ಅಳತೆಯನ್ನೂ ಬಣ್ಣವನ್ನೂ ಬರೆದಿಡಬೇಕು. ದಿನದ ಮೊತ್ತ ಸುಮಾರು 30 ಮಿ.ಲೀ.ಗಿಂತ ಇಳಿದ ಮೇಲೆ ಸಾಮಾನ್ಯವಾಗಿ ಕೊಳವೆ ತೆಗೆಯುತ್ತಾರೆ. ಹೊಲಿಗೆ ಜಗ್ಗದಂತೆ ಮೊಣಕಾಲಿನ ಕೆಳಗೆ ದಿಂಬಿಟ್ಟು ಮಲಗಬೇಕು, ಸ್ವಲ್ಪ ಬಾಗಿಯೇ ನಡೆಯಬೇಕು. ಆದರೆ ನಡೆಯುವುದನ್ನು ಮಾತ್ರ ಬಿಡಬಾರದು. ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ, ಉಸಿರು ಕಟ್ಟಿದಂತಾದರೆ, ಮರುದಿನದ ತಪಾಸಣೆಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಮರಳಿದ ಮೇಲಿನ ಕಷ್ಟ ಬೇರೆ. ಮನೆ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಸುಮಾರು ಆರು ವಾರ ಭಾರ ಎತ್ತುವಂತಿಲ್ಲ ಎಂದಾಗ ತಂಗಿ ತೊಡೆಯ ಮೇಲಿದ್ದ ಕಿರಿಯವನನ್ನು ನೋಡಿ, "ಇವನನ್ನೂ ಎತ್ತಿಕೊಳ್ಳಬಾರದೇನೇ ಅಕ್ಕ?" ಎಂದಳು. ಅವನಿಗಾಗಿಯೇ ಉಡುಪಿಯಿಂದ ಅಮ್ಮನನ್ನು ಕರೆಸುತ್ತಿದ್ದೇವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇಲ್ಲಿಯೇ ಒಬ್ಬ ಪ್ಲಾಸ್ಟಿಕ್ ಸರ್ಜನ್ನರ ಒಪ್ಪಿಗೆಯನ್ನು ಮುಂಚಿತವಾಗಿ ಪಡೆಯುವುದೆಂದು ನನಗನ್ನಿಸುತ್ತದೆ. ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಿಗೆ ಬಗ್ಗದ ಕೆಲವು ಸೋಂಕುಗಳು ವಾರಗಳ, ತಿಂಗಳುಗಳ ನಂತರವೂ ಗಾಯದಲ್ಲಿ ಗಂಟಾಗಿ, ಕೀವಾಗಿ ಕಾಣಿಸಿಕೊಳ್ಳುವುದುಂಟು. ಸಾಮಾನ್ಯ ಪ್ರವಾಸ ವಿಮೆಗಳು ಇಂತಹ ತೊಡಕುಗಳ ವೆಚ್ಚವನ್ನು ಹೆಚ್ಚಾಗಿ ಭರಿಸುವುದಿಲ್ಲವಾದ್ದರಿಂದ ಅದಕ್ಕೆಂದು ಸ್ವಲ್ಪ ಹಣವನ್ನು ಬೇರೆಯೇ ತೆಗೆದಿಡುತ್ತಿದ್ದೇವೆ. ಘಾಟ್ಕೋಪರಿನ ವೈದ್ಯರೊಬ್ಬರು ನೋಡಿಕೊಳ್ಳಲು ಒಪ್ಪಿದ್ದಾರೆ. ಶಸ್ತ್ರಚಿಕಿತ್ಸೆಯ ಪೂರ್ಣ ವರದಿ, ಡಿಸ್ಚಾರ್ಜ್ ಸಮ್ಮರಿ, ಕೊಟ್ಟ ಔಷಧಗಳ ಪಟ್ಟಿ ಇಂಗ್ಲಿಷಿನಲ್ಲೇ ಬೇಕೆಂದು ಹೇಳಿದ್ದಾರೆ. ನಾವು ಅಲ್ಲಿಂದ ಹೊರಡುವ ಮೊದಲೇ ಅವು ಕೈಗೆ ಸಿಗುತ್ತವೆಯೇ ಎಂದು ಬ್ಯಾಂಕಾಕಿನ ಆಸ್ಪತ್ರೆಗೆ ನಾಳೆ ಪತ್ರ ಬರೆಯುತ್ತೇನೆ. ಉತ್ತರ ಬರುವವರೆಗೆ ಮುಂಗಡ ಹಣ ಕಟ್ಟುವುದಿಲ್ಲ.