ಇಳೀತೀನಿ ಸಾರ್ ಅಂದ್ರೂ ಇಳಿಸಬೇಡಿ

ಮ್ಯಾನ್‌ಹೋಲ್‌ಗೆ ಇಳಿದವರು ಉಸಿರುಗಟ್ಟಿ ಸತ್ತರು ಅನ್ನೋ ಸುದ್ದಿ ಪೇಪರ್‌ನಲ್ಲಿ ಆಗಾಗ ಬರುತ್ತಲೇ ಇರುತ್ತದೆ. ಊರಿನ ಹೆಸರು ಬದಲಾಗುತ್ತದೆ, ಅಷ್ಟೇ. ಇಂಥ ಸುದ್ದಿಯಲ್ಲಿ ಸತ್ತವರು ಎಷ್ಟೋ ಸಲ ಒಬ್ಬರೇ ಇರುವುದಿಲ್ಲ. 2017ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಗ್ಗದಾಸಪುರದಲ್ಲಿ ಮೂವರು ಹೋದರು. 2018ರ ಜನವರಿಯಲ್ಲಿ ಎಚ್‌ಎಸ್‌ಆರ್ ಲೇಔಟ್ ಕಡೆಯ ಒಂದು ಅಪಾರ್ಟ್‌ಮೆಂಟಿನ ಎಸ್‌ಟಿಪಿಯಲ್ಲಿ, ಅಂದರೆ ಕೊಳಚೆ ನೀರು ಶುದ್ಧ ಮಾಡುವ ಘಟಕದಲ್ಲಿ, ಮತ್ತೆ ಮೂವರು.

ಯಾಕೆ ಹೀಗಾಗುತ್ತದೆ ಅಂದರೆ, ಮಲ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಅನ್ನೋ ಗ್ಯಾಸ್ ಹುಟ್ಟುತ್ತದೆ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಜಾಸ್ತಿ ಆದಾಗ ಮೂಗಿಗೆ ವಾಸನೆ ಹಿಡಿಯುವ ಶಕ್ತಿಯೇ ಹೋಗಿಬಿಡುತ್ತದೆ, ಹಾಗಾಗಿ ಅಪಾಯ ಗೊತ್ತೇ ಆಗುವುದಿಲ್ಲ. ಮೇಲಿಂದ ಬಗ್ಗಿ ನೋಡಿದರೆ ನೀರು ಸುಮ್ನೆ ನಿಂತಿರುತ್ತದೆ. ತಳದಲ್ಲಿ ಗಟ್ಟಿಯಾದ ಹೂಳನ್ನು ಕಲಕಿದ ತಕ್ಷಣ ಅದರೊಳಗೆ ಸಿಕ್ಕಿಕೊಂಡಿದ್ದ ಗ್ಯಾಸೆಲ್ಲ ಒಂದೇ ಸಲ ಹೊರಗೆ ಬರುತ್ತದೆ. ಮೊದಲು ಇಳಿದವನು ಕೂಗಲಿಕ್ಕೂ ಆಗದೆ ಕುಸಿಯುತ್ತಾನೆ. ಮೇಲೆ ನಿಂತವನು ಜೊತೆಗಾರನೋ, ತಮ್ಮನೋ, ಭಾವಮೈದುನನೋ ಆಗಿರುತ್ತಾನೆ. ಎರಡು ಸಲ ಹೆಸರು ಹಿಡಿದು ಕರೆಯುತ್ತಾನೆ, ಉತ್ತರ ಬರದಿದ್ದಾಗ ಎತ್ತಿಕೊಂಡು ಬರೋಣ ಅಂತ ತಾನೂ ಇಳಿಯುತ್ತಾನೆ. ಮೂರನೆಯವನೂ ಹಾಗೇ.

ಇದು ಯಾವುದೋ ಕಂಟ್ರಾಕ್ಟರ್, ಯಾವುದೋ ಮುನ್ಸಿಪಾಲಿಟಿಯ ವಿಷಯ ಅಂತ ಪುಟ ತಿರುಗಿಸುವವರಿಗೆ ಹೇಳುವುದು ಒಂದಿದೆ. ನಾವಿರುವ ಬಡಾವಣೆಗೆ ಇನ್ನೂ ಯುಜಿಡಿ (ಒಳಚರಂಡಿ) ಬಂದಿಲ್ಲ. ಎಲ್ಲರ ಮನೆ ಮುಂದೆಯೂ ಕಕ್ಕಸಿನ ಪಿಟ್ಟು. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಅಂಕಲ್ ಪಿಟ್ ತುಂಬಿತು ಅಂತ ಲಾರಿ ಕರೆಸಿದರು. ಪೈಪ್ ಬಿಟ್ಟು ನೀರೆಲ್ಲ ಎಳೆದರು, ತಳದ ಗಟ್ಟಿ ಹಾಗೇ ಉಳಿಯಿತು. ಲಾರಿ ಜೊತೆ ಬಂದಿದ್ದ ಒಬ್ಬರು, ಐವತ್ತರ ಹತ್ತಿರ ಇರಬೇಕು, ಅಂಗಿ ಬಿಚ್ಚಿ ಕಾಂಪೌಂಡ್ ಮೇಲೆ ಹಾಕಿ, "ಐನೂರು ಜಾಸ್ತಿ ಕೊಡಿ ಸಾರ್, ನಾನೇ ಇಳೀತೀನಿ" ಅಂದರು. ಅವರು ಸಾರ್ ಅಂದಿದ್ದು ಅಂಕಲ್‌ಗಲ್ಲ, ದುಡ್ಡು ಕೊಡಲು ನಿಂತಿದ್ದ ಅವರ ಕಾಲೇಜು ಓದುವ ಮಗನಿಗೆ. ಆ ಹುಡುಗ "ಸರಿ ಇಳಿಯೋ, ಬೇಗ ಮುಗಿಸು" ಅಂದ. ಕುಡಿಯಲು ನೀರು ಕೇಳಿದಾಗ ಒಳಗಿಂದ ಲೋಟ ಬರಲಿಲ್ಲ, ಕಾಂಪೌಂಡಿನ ಮೇಲಿಂದ ಬಾಟಲಿ ಎತ್ತಿ ಸುರಿದರು, ಅವರು ಬೊಗಸೆ ಒಡ್ಡಿ ಕುಡಿದರು. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಎರಡೂ ಕಡೆಯವರಿಗೂ ಮೊದಲೇ ಗೊತ್ತಿತ್ತು.

ನಾನು ಅಡ್ಡ ಹೋಗಿ ಬೇಡ ಅಂದೆ. ಅಂಕಲ್ ಕೊಟ್ಟ ಉತ್ತರ ಹೀಗಿತ್ತು: "ಅವನೇ ಇಳೀತೀನಿ ಅಂತಾನಲ್ರೀ, ನಾನೇನು ಬಲವಂತ ಮಾಡಿದ್ನಾ?"

ಈ ಮಾತು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಕೆಟ್ಟವರಲ್ಲ, ದಾನ ಧರ್ಮ ಮಾಡುವವರೇ. ಆದರೆ ಮಲ ಹೊರುವುದನ್ನು ನಿಷೇಧಿಸಿದ 2013ರ ಕೇಂದ್ರ ಕಾಯ್ದೆ ಒಪ್ಪಿಗೆಯ ಮಾತೇ ಎತ್ತುವುದಿಲ್ಲ. ಅದರ 7ನೇ ಸೆಕ್ಷನ್ ಹೇಳುವುದು ಇಷ್ಟು: ಯಾವ ವ್ಯಕ್ತಿಯಾಗಲಿ, ಸ್ಥಳೀಯ ಸಂಸ್ಥೆಯಾಗಲಿ, ಏಜೆನ್ಸಿಯಾಗಲಿ, ನೇರವಾಗಿಯೋ ಬೇರೆಯವರ ಮೂಲಕವೋ ಚರಂಡಿ ಅಥವಾ ಸೆಪ್ಟಿಕ್ ಟ್ಯಾಂಕಿನ ಅಪಾಯದ ಸ್ವಚ್ಛತೆಗೆ ಜನರನ್ನು ಹಚ್ಚುವ ಹಾಗಿಲ್ಲ. ಯಾವ ವ್ಯಕ್ತಿಯಾಗಲಿ ಅಂದ ಮೇಲೆ ಮನೆ ಓನರ್ರೂ ಬಂದರು, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನೂ ಬಂತು. ಮೊದಲ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 2 ಲಕ್ಷದವರೆಗೆ ದಂಡ, ಅಥವಾ ಎರಡೂ. ಮತ್ತೆ ಮಾಡಿದರೆ 5 ವರ್ಷ, 5 ಲಕ್ಷ. ಲಾರಿಯವನ ಜೊತೆ ಮಾತಾಡಿದ್ದು ಸಾರ್, ನಂಗೇನು ಗೊತ್ತು ಅಂದರೆ ನಡೆಯುವುದಿಲ್ಲ.

ಕಾಯ್ದೆಯಲ್ಲಿ ಒಂದು ಕಿಂಡಿ ಇದೆ, ಅದನ್ನೂ ಹೇಳಿಬಿಡುತ್ತೇನೆ. ಸುರಕ್ಷತೆಯ ಸಾಮಾನು ಕೊಟ್ಟು, ನಿಯಮ ಪಾಲಿಸಿ ಇಳಿಸಿದರೆ ಅದು ಅಪಾಯದ ಕೆಲಸದ ಲೆಕ್ಕಕ್ಕೆ ಬರುವುದಿಲ್ಲ. ನನಗೆ ಇದು ಸ್ವಲ್ಪವೂ ಒಪ್ಪಿಗೆಯಿಲ್ಲ. ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸ್ ಹಾಕಿ ಫೋಟೋ ತೆಗೆದುಕೊಂಡರೆ ಮುಗಿಯಿತು ಅನ್ನೋರು ಇದ್ದಾರೆ. ಬಟ್ಟೆ ಮಾಸ್ಕಿಗೂ ಈ ಗ್ಯಾಸಿಗೂ ಏನು ಸಂಬಂಧ? ಮತ್ತೆ ಜೀವ ಉಳಿದರೆ ಸಾಕಾ? ಇನ್ನೊಬ್ಬರ ಮಲದಲ್ಲಿ ಕುತ್ತಿಗೆವರೆಗೆ ನಿಲ್ಲುವುದು ಆಮ್ಲಜನಕದ ಸಿಲಿಂಡರ್ ಇದ್ದರೆ ಸರಿಹೋಗುವ ವಿಷಯ ಅಲ್ಲ, ಅಲ್ವಾ?

ಇನ್ನು, ಅವರು ಯಾಕೆ ಇಳೀತೀನಿ ಅಂತಾರೆ? 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಜ್ಯಸಭೆಗೆ ಒಂದು ಲೆಕ್ಕ ಕೊಟ್ಟಿತು. ಮಲ ಹೊರುವವರು ಅಂತ ಗುರುತಿಸಿದವರು ದೇಶದಲ್ಲಿ 58,098 ಜನ. ಅವರಲ್ಲಿ ಜಾತಿಯ ಮಾಹಿತಿ ಸಿಕ್ಕಿದ್ದು 43,797 ಜನರದ್ದು. ಅದರಲ್ಲಿ 42 ಸಾವಿರಕ್ಕೂ ಜಾಸ್ತಿ ಜನ ಪರಿಶಿಷ್ಟ ಜಾತಿಯವರು. ಬಡತನ ಎಲ್ಲ ಜಾತಿಯಲ್ಲೂ ಇದೆ, ನಿಜ. ಹಾಗಾದರೆ ಬೇರೆ ಜಾತಿಯ ಬಡವರು ಯಾಕೆ ಐನೂರು ರೂಪಾಯಿಗೆ ಈ ಗುಂಡಿಗೆ ಇಳಿಯುವುದಿಲ್ಲ? ಇಳೀತೀನಿ ಅನ್ನೋ ಮಾತನ್ನು ಅವರ ಬಾಯಲ್ಲಿ ಹೇಳಿಸುತ್ತಿರುವುದು ಯಾವುದು ಅಂತ ಗೊತ್ತಾಗಲು ಇದಕ್ಕಿಂತ ಬೇರೆ ಲೆಕ್ಕ ಬೇಕಾಗಿಲ್ಲ.

ನಮ್ಮ ರಾಜ್ಯಕ್ಕೆ ಈ ವಿಷಯ ಹೊಸದೇನೂ ಅಲ್ಲ. 1970ರ ದಶಕದಲ್ಲೇ ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪ ತಲೆ ಮೇಲೆ ಮಲ ಹೊರುವುದನ್ನು ಇಲ್ಲಿ ನಿಲ್ಲಿಸಲು ಆದೇಶ ಮಾಡಿಸಿದರು. ಕೇಂದ್ರದ ಮೊದಲ ಕಾಯ್ದೆ ಬಂದಿದ್ದು 1993ರಲ್ಲಿ. (ಬಸವಲಿಂಗಪ್ಪ ಅಂದರೆ ನಮ್ಮ ಜನಕ್ಕೆ ಈಗಲೂ, ಕನ್ನಡ ಸಾಹಿತ್ಯವನ್ನು ಬೂಸಾ ಅಂದಿದ್ದಕ್ಕೆ ಎದ್ದ ಬೂಸಾ ಗಲಾಟೆಯೊಂದೇ ನೆನಪಾಗುತ್ತದೆ. ಬೇಜಾರಿನ ವಿಷಯ.) ಆದೇಶ ಬಂದ ಎಷ್ಟೋ ವರ್ಷದ ಮೇಲೂ ಕೆಜಿಎಫ್‌ನ ಗಣಿ ಕಾಲೋನಿಗಳಲ್ಲಿ ನೀರಿಲ್ಲದ ಕಕ್ಕಸುಗಳಿದ್ದವು, ಬಕೆಟ್ಟಿನಲ್ಲಿ ತುಂಬಿ ಹೊರುವವರೂ ಇದ್ದರು. ಬೆಜವಾಡ ವಿಲ್ಸನ್ ಹುಟ್ಟಿ ಬೆಳೆದಿದ್ದು ಅಂಥ ಕೆಲಸದ ಮನೆಯಲ್ಲೇ. ಅವರು ಪತ್ರ ಬರೆದರು, ಇಲ್ಲಿ ಅಂಥದ್ದೇನೂ ಇಲ್ಲ ಅಂತ ಉತ್ತರ ಬಂತು. ಫೋಟೋ ತೆಗೆದು ತೋರಿಸಿದ ಮೇಲೆ ಕಕ್ಕಸುಗಳನ್ನು ಬದಲಾಯಿಸಬೇಕಾಯಿತು. ಅಲ್ಲಿಂದ ಶುರುವಾಗಿದ್ದು ಸಫಾಯಿ ಕರ್ಮಚಾರಿ ಆಂದೋಲನವಾಗಿ ದೇಶದ ತುಂಬ ಹರಡಿತು. 2016ರಲ್ಲಿ ವಿಲ್ಸನ್ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಹಾವೇರಿ ಜಿಲ್ಲೆಯ ಸವಣೂರಿನದ್ದು ಮರೆಯಲು ಆಗುವುದಿಲ್ಲ. 2010ರ ಜುಲೈನಲ್ಲಿ, ಇರುವ ಜಾಗದಿಂದಲೂ ಎಬ್ಬಿಸುತ್ತಾರೆ ಅಂತಾದಾಗ, ಅಲ್ಲಿನ ಭಂಗಿ ಸಮುದಾಯದವರು ಪುರಸಭೆ ಕಚೇರಿ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಮನವಿ ಕೊಟ್ಟು ಕೊಟ್ಟು ಸಾಕಾದವರು ಅವರು. ಆ ದಿನ ಎಲ್ಲರೂ ತಿರುಗಿ ನೋಡಿದರು, ಮೂಗು ಮುಚ್ಚಿಕೊಂಡೇ ನೋಡಿದರು.

ಸುಪ್ರೀಂ ಕೋರ್ಟ್ 2014ರಲ್ಲಿ ಸಫಾಯಿ ಕರ್ಮಚಾರಿ ಆಂದೋಲನದ ಕೇಸಿನಲ್ಲಿ, 1993ರಿಂದ ಈಚೆಗೆ ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ತಲಾ 10 ಲಕ್ಷ ಕೊಡಿ ಅಂದಿತು. 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷ ಮಾಡಿತು. ಒಳ್ಳೆಯದೇ. ಆದರೆ ದುಡ್ಡು ಬರುವುದು ಸತ್ತ ಮೇಲೆ. ಬದುಕಿದ್ದಾಗ ಮಲ ಹೊರುವ ಕೆಲಸ ಬಿಟ್ಟವರಿಗೆ ಕೈಗೆ ಸಿಗುತ್ತಿದ್ದ ಒಂದು ಬಾರಿಯ ನೆರವು 40 ಸಾವಿರ.

ಈಗ ಪಿಟ್ ವಿಷಯಕ್ಕೆ ಬರೋಣ, ಯಾಕಂದರೆ ನಮ್ಮ ಕೈಲಿ ಆಗೋದು ಇದು. ತುಂಬಿ ಉಕ್ಕುವವರೆಗೆ ಹತ್ತು ಹದಿನೈದು ವರ್ಷ ಬಿಟ್ಟರೆ ತಳ ಗಟ್ಟಿಯಾಗದೆ ಇನ್ನೇನಾಗುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಎಳೆಸಿದರೆ ಹೂಳು ತೆಳ್ಳಗೇ ಇರುತ್ತದೆ, ಪೈಪಿನಲ್ಲೇ ಬರುತ್ತದೆ. ಗಟ್ಟಿ ಆಗಿಬಿಟ್ಟಿದ್ದರೆ ಜೆಟ್ಟಿಂಗ್ ಮೆಷಿನ್ ಇರುವವರನ್ನು ಕರೆಸಿ, ಜೋರಾಗಿ ನೀರು ಬಿಟ್ಟು ಕರಗಿಸಿ ಮತ್ತೆ ಎಳೆಯುತ್ತಾರೆ. ಅಂಕಲ್ ಮನೆಯಲ್ಲೂ ಕೊನೆಗೆ ನೀರು ತುಂಬಿಸಿ, ಮಾರನೇ ದಿನ ಇನ್ನೊಂದು ಲೋಡ್ ಎಳೆಸಿದರು, ಗೊಣಗಿಕೊಂಡೇ. ಫೋನ್ ಮಾಡುವಾಗಲೇ ಯಾರೂ ಇಳಿಯುವ ಹಾಗಿಲ್ಲ ಅಂತ ಹೇಳಿ. ಅಸೋಸಿಯೇಷನ್ ಇದ್ದರೆ ಎಸ್‌ಟಿಪಿ ಕಾಂಟ್ರಾಕ್ಟ್‌ನಲ್ಲೇ ಅದನ್ನು ಬರೆಸಿ, ರಾತ್ರಿ ಹೊತ್ತು ಕ್ಲೀನಿಂಗ್ ಬೇಡ ಅನ್ನಿ. ಇಂಥ ಕೆಲಸಕ್ಕೆ 14420 ಅಂತ ಒಂದು ಸಹಾಯವಾಣಿ ಇದೆ. ಬೆಂಗಳೂರಿನಲ್ಲಾದರೆ ಜಲಮಂಡಳಿಯ 1916.

ಇನ್ನೊಂದು. ಇಳಿಯೋದು ಬೇಡ ಅಂದಾಗ ಅವರ ಐನೂರು ತಪ್ಪಿಹೋಗುತ್ತದೆ. ಅದನ್ನು ಕೊಟ್ಟು ಕಳಿಸಿ. ನೀರು ಲೋಟದಲ್ಲೇ ಕೊಡಿ.