ಚಿಗರಿ ಬಸ್ಸಿನಲ್ಲಿ ಭೈರವಿ

ನಿನ್ನೆ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಬರುವಾಗ ಕಿವಿಯಲ್ಲಿ ಚರಣ್‌ಜಿತ್ ಸಿಂಗ್. ಮುಂಬೈನಲ್ಲಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದವರು. 1982ರಲ್ಲಿ ಸುಮ್ನೆ ರೋಲ್ಯಾಂಡ್ ಕಂಪನಿಯ ಮೂರು ಎಲೆಕ್ಟ್ರಾನಿಕ್ ವಾದ್ಯಯಂತ್ರ ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಕೂರಿಸಿದರು. ಡ್ರಮ್ಮಿಗೆ 808, ತಗ್ಗಿನ ಬೇಸ್ ದನಿಗೆ 303, ರಾಗಕ್ಕೆ ಜುಪಿಟರ್-8. ಆಗ ರೆಕಾರ್ಡ್ ಜಾಸ್ತಿ ಮಾರಾಟವಾಗಲಿಲ್ಲ. ಅದೇ 303ರ ಸದ್ದು ಹಿಡಿದು ಶಿಕಾಗೋದವರು ಆಸಿಡ್ ಹೌಸ್ ಅನ್ನೋ ಹೊಸ ಡಾನ್ಸ್ ಸಂಗೀತಕ್ಕೆ ಕುಣಿದದ್ದು ಅದಾಗಿ ಐದು ವರ್ಷಕ್ಕೆ. 2010ರಲ್ಲಿ ಈ ರೆಕಾರ್ಡ್ ಮತ್ತೆ ಬಂದಾಗ, ಅರೇ, ಇದು ಮೊದಲೇ ಇತ್ತಾ ಎಂದು ಎಲ್ಲರಿಗೂ ಆಶ್ಚರ್ಯ. ಎಪ್ಪತ್ತು ದಾಟಿದ ಮೇಲೆ ಯುರೋಪಿನ ವೇದಿಕೆ ಹತ್ತಿದರು. ಇಪ್ಪತ್ತೆಂಟು ವರ್ಷ ಕಾಯುವುದು ಅಂದರೆ ಸಣ್ಣ ಮಾತಲ್ಲ, ಅಲ್ವಾ? ಅವರು ಕಾದಿದ್ದರೋ, ಮರೆತೇ ಬಿಟ್ಟಿದ್ದರೋ.

ನವಲೂರಿನ ಹತ್ತಿರ ಇಯರ್‌ಫೋನ್ ಪಿನ್ನು ಕಿತ್ತು ಬಂತು. ಇಡೀ ಬಸ್ಸಿಗೆ ಡಬ್ ಡಬ್! ಗಡಬಡಿಸಿ ನಿಲ್ಲಿಸಲು ಹೋದೆ. ಪಕ್ಕದ ಅಜ್ಜ ಕೈ ಹಿಡಿದರು.

“ಇರ್ಲಿ ಬಿಡೋ ತಮ್ಮಾ. ಭೈರವಿ ಅಲ್ಲೇನದು?”

ಧಾರವಾಡದವರು ನೋಡಿ!

“ಹೌದ್ರಿ ಅಜ್ಜಾರ.”

“ತಬಲಾದಾಂವ ಯಾಕ ಇಷ್ಟ ಅವಸರ ಮಾಡ್ಯಾನ?”

ತಬಲಾ ಅಲ್ಲ, ಮಷೀನು ಎಂದೆ. ಜುಬಿಲಿ ಸರ್ಕಲ್ ಬರುವವರೆಗೂ ತೊಡೆ ಮೇಲೆ ತಾಳ ಹಾಕುತ್ತಲೇ ಇದ್ದರು.